ಬಿಸಿಲ ನಾಡಿನಲ್ಲಿ ಎಂ.ಎಸ್.: ವ್ಯಾಯಾಮಕ್ಕೆ ಎಂಟು ಸೂತ್ರಗಳು

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಬಹುಪಾಲು 20ರಿಂದ 40ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮೈಯೆಲ್ಲ ಸೋತು ಬರುತ್ತದೆ. "ದಣಿಯಬ್ಯಾಡ, ಸುಮ್ನೆ ಮಲಕೋ" ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಒಂದು ಕಾಲಕ್ಕೆ ವೈದ್ಯರ ಸಲಹೆಯೂ ಅದೇ ಆಗಿತ್ತು. ಇಂದು ಅವರು ನಡೆಯಿರಿ ಎನ್ನುತ್ತಾರೆ. ರಾಯಚೂರು ಜಿಲ್ಲೆಯ ಯರಗೇರಾ, ಮಾನ್ವಿ, ದೇವದುರ್ಗದ ಬಿಸಿಲಿನಲ್ಲೂ ಪಾಲಿಸಬಹುದಾದ ಎಂಟು ಸೂತ್ರಗಳು ಇಲ್ಲಿವೆ.

1. ಕಾಯಿಲೆಯ ಬೇರು ತಿಳಿಯಿರಿ
ಎಂ.ಎಸ್.ನಲ್ಲಿ ರೋಗನಿರೋಧಕ ವ್ಯವಸ್ಥೆ ಕುಂದಿರುವುದಿಲ್ಲ, ದಾರಿ ತಪ್ಪಿರುತ್ತದೆ. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿರುವ ಮಯಲಿನ್ ಎಂಬ ಹೊದಿಕೆಯನ್ನು ಕೆಡಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆದ್ದರಿಂದ 'ಇಮ್ಯುನಿಟಿ ಹೆಚ್ಚಿಸುತ್ತದೆ' ಎಂದು ಮಾರುವ ಪುಡಿ, ಕಷಾಯಗಳನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಇಲ್ಲಿ ಬೇಕಾದದ್ದು ಕೆರಳಿಸುವುದಲ್ಲ, ತಣಿಸುವುದು.

2. ಸ್ನಾಯು ದುಡಿಸಿ, ಔಷಧ ಬಿಡಬೇಡಿ
ದುಡಿಯುವ ಸ್ನಾಯು ಐಎಲ್-6 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಅದರ ಬೆನ್ನಿಗೇ ಉರಿಯೂತ ತಗ್ಗಿಸುವ ಐಎಲ್-10 ಏರುತ್ತದೆ. ಆದರೆ ಎಂ.ಎಸ್. ಇರುವವರಲ್ಲಿ ಈ ಬದಲಾವಣೆ ಎಲ್ಲ ಅಧ್ಯಯನಗಳಲ್ಲೂ ಒಂದೇ ತೆರನಾಗಿ ಕಂಡಿಲ್ಲ. ಹಾಗಾಗಿ ವ್ಯಾಯಾಮವು ಔಷಧಕ್ಕೆ ಬದಲಿಯಲ್ಲ, ಜೊತೆಗಾರ. ಶಕ್ತಿ, ನಡಿಗೆ, ಸುಸ್ತು, ಮನಸ್ಸಿನ ಮೇಲೆ ಅದರ ಲಾಭ ಮಾತ್ರ ಸ್ಪಷ್ಟ. 1996ರಲ್ಲಿ ಅಮೆರಿಕದ ಯೂಟಾದಲ್ಲಿ 54 ರೋಗಿಗಳ ಮೇಲೆ ನಡೆದ 15 ವಾರಗಳ ಅಧ್ಯಯನದಲ್ಲಿ ವ್ಯಾಯಾಮ ಮಾಡಿದವರ ದಮ್ಮು, ಬಲ ಎರಡೂ ಹೆಚ್ಚಿದವು.

3. ಬಿಸಿಲೇರುವ ಮುಂಚೆ ಮುಗಿಸಿ
ನಮ್ಮ ಭಾಗಕ್ಕೆ ಇದೇ ಮುಖ್ಯ ಸೂತ್ರ. ಮೈ ಕಾವು ಏರಿದರೆ, ಹೊದಿಕೆ ಸವೆದ ನರದಲ್ಲಿ ಸಂದೇಶ ಸರಿಯಾಗಿ ಸಾಗುವುದಿಲ್ಲ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಥಾಫ್ 1890ರಲ್ಲೇ ಇದನ್ನು ಗುರುತಿಸಿದ್ದರು. ಮೈ ತಂಪಾದರೆ ಅದು ಇಳಿಯುತ್ತದೆ, ಹೆದರಬೇಕಿಲ್ಲ. ಆದರೆ ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಕು ಹರಿಯುತ್ತಿದ್ದಂತೆ ನಡೆದು ಬನ್ನಿ. ಮೊದಲು ತಣ್ಣೀರು ಕುಡಿಯಿರಿ, ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಳ್ಳಿ.

4. ಒಲೆಯ ಕಾವನ್ನೂ ಲೆಕ್ಕಕ್ಕೆ ಹಿಡಿಯಿರಿ
ಬೇಸಿಗೆಯಲ್ಲಿ ಒಲೆಯ ಮುಂದೆ ಕೂತು ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವುದು ಸಣ್ಣ ಶ್ರಮವಲ್ಲ. ಅದನ್ನು ನಸುಕಿನಲ್ಲೇ ಮುಗಿಸಿ, ಇಲ್ಲವೇ ಬೇರೊಬ್ಬರು ಬೇಯಿಸಲಿ. ಹತ್ತಿ ಬಿಡಿಸುವ, ಕಳೆ ಕೀಳುವ ದಿನ ಬೇರೆ ವ್ಯಾಯಾಮ ಬೇಡ.

5. ಸ್ವಲ್ಪದಿಂದ ಶುರು ಮಾಡಿ
2013ರ ಕೆನಡಾ ಮಾರ್ಗಸೂಚಿಯ ಪ್ರಕಾರ, ಸೌಮ್ಯ ಇಲ್ಲವೇ ಮಧ್ಯಮ ಮಟ್ಟದ ತೊಂದರೆ ಇರುವವರಿಗೆ ವಾರಕ್ಕೆ ಎರಡು ಸಲ 30 ನಿಮಿಷದ ಮಧ್ಯಮ ಗತಿಯ ವ್ಯಾಯಾಮ, ಎರಡು ಸಲ ಬಲ ಹೆಚ್ಚಿಸುವ ವ್ಯಾಯಾಮ ಸಾಕು. ನಡೆಯುವಾಗ ಮಾತಾಡಲು ಬರಬೇಕು, ಅದೇ ಮಧ್ಯಮ ಗತಿ. ಮೊದಲು ಹತ್ತು ನಿಮಿಷ, ನಡುವೆ ವಿಶ್ರಾಂತಿ, ವಾರ ವಾರಕ್ಕೆ ತುಸು ಹೆಚ್ಚು.

6. ಬೀಳದಂತೆ ಮಾಡಿ
ಗೋಡೆ ಹಿಡಿದು ಒಂದೇ ಕಾಲ ಮೇಲೆ ನಿಲ್ಲಿ. ಗಟ್ಟಿ ಕುರ್ಚಿಯಿಂದ ಎದ್ದು ಕೂರಿ. ನಿಲ್ಲಲಾಗದವರು ಕೂತಲ್ಲೇ ನೀರು ತುಂಬಿದ ಬಾಟಲಿ ಎತ್ತಬಹುದು. ಹೊಸದಾಗಿ ಶುರು ಮಾಡುವವರು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ.

7. ನೀರು ಕಡಿಮೆ ಮಾಡಬೇಡಿ
ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತದೆ ಎಂದು ಎಷ್ಟೋ ಜನ ನೀರನ್ನೇ ಬಿಡುತ್ತಾರೆ. ಇದರಿಂದ ಮೂತ್ರನಾಳದ ಸೋಂಕು ಬರಬಹುದು, ಸೋಂಕಿನಿಂದ ಎಂ.ಎಸ್. ಲಕ್ಷಣಗಳೂ ಏರುತ್ತವೆ. ನಡಿಗೆಗೆ ಹೊರಡುವ ಮುಂಚೆ ಶೌಚಕ್ಕೆ ಹೋಗಿ ಬನ್ನಿ, ದಾರಿಗೆ ನೀರು ಹಿಡಿದುಕೊಳ್ಳಿ.

8. ನಿಲ್ಲಿಸುವ ಹೊತ್ತು ತಿಳಿಯಿರಿ
ಜ್ವರವಿದ್ದಾಗ ವ್ಯಾಯಾಮ ಬೇಡ. ಹೊಸ ಲಕ್ಷಣ ಕಾಣಿಸಿ 24 ಗಂಟೆ ದಾಟಿದರೂ ಇಳಿಯದಿದ್ದರೆ ಅದು ಬಿಸಿಲಿನ ಆಟವಲ್ಲ, ಕಾಯಿಲೆ ಮರುಕಳಿಸಿರಬಹುದು. ತಡಮಾಡದೆ ನರರೋಗ ತಜ್ಞರನ್ನು ಕಾಣಿ.

ಮನೆಯವರಿಗೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಂ.ಎಸ್. ಅನ್ನು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅರ್ಹರಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಡಿ. ಹೊರಗೆ ಚೆನ್ನಾಗಿ ಕಾಣುವವರ ಸುಸ್ತನ್ನು ಸೋಮಾರಿತನ ಎನ್ನಬೇಡಿ. ನಾಳೆ ನಸುಕಿನಲ್ಲಿ ಅವರ ಜೊತೆ ನೀವೂ ಹತ್ತು ನಿಮಿಷ ನಡೆಯಿರಿ.