ಗುರು-ಲಘು ವಿಚಾರ: ದುಃಖಭಾರವನ್ನಿಳಿಸುವ ಒಂದು ಆಂಗ್ಲ ಪದ

ಎದೆ ಭಾರವಾಯಿತೆಂದೂ, ಅತ್ತ ಮೇಲೆ ಮನಸ್ಸು ಹಗುರಾಯಿತೆಂದೂ ನಾವು ನಿತ್ಯ ಆಡುತ್ತೇವೆ. ದುಃಖಕ್ಕೆ ತೂಕವುಂಟೆಂಬ ಈ ಭಾವನೆಯು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ನೋವನ್ನು ತಗ್ಗಿಸು ಎಂಬರ್ಥದಲ್ಲಿ ಇಂಗ್ಲಿಷಿನವರು ಬಳಸುವ 'ಅಲೀವಿಯೇಟ್' ಎಂಬ ಕ್ರಿಯಾಪದದಲ್ಲಿಯೂ ಅದೇ ಅಡಗಿದೆ.

ಈ ಪದವು 15ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದಿತು. ಅದರ ಒಡಲಲ್ಲಿರುವ 'ಲೆವಿಸ್' ಎಂಬುದಕ್ಕೆ ಹಗುರವಾದುದೆಂದು ಅರ್ಥ. ಸಂಸ್ಕೃತದ 'ಲಘು' ಶಬ್ದವೂ ಇದೂ ಒಂದೇ ಮೂಲದವು. ಲಘುವಿಗೆ ಎದುರಾದುದು 'ಗುರು'. ಇಲ್ಲಿ ಭಾರವಾದುದೆಂಬ ಅರ್ಥವನ್ನೇ ಗ್ರಹಿಸತಕ್ಕದ್ದು, ಆಚಾರ್ಯನೆಂಬುದನ್ನಲ್ಲ. ಇದರ ಜ್ಞಾತಿಶಬ್ದವು ಲ್ಯಾಟಿನಿನ 'ಗ್ರಾವಿಸ್'. ಅದರಿಂದಲೇ ಫ್ರೆಂಚಿನ ಮೂಲಕ, ದುಃಖವನ್ನು ಹೇಳುವ ಇಂಗ್ಲಿಷಿನ 'ಗ್ರೀಫ್' ಹುಟ್ಟಿತು.

ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. 'ಕಾ' ಎಂಬುದನ್ನು 'ಕ' ಎಂದು ಉಚ್ಚರಿಸಿದರೆ ವ್ಯಂಜನವು ಅಳಿಯದು, ಕಾಲ ಮಾತ್ರ ಕುಗ್ಗುವುದು. ಅಂತೆಯೇ ಈ ಕ್ರಿಯಾಪದವೂ ದುಃಖವನ್ನು ಇಲ್ಲವಾಗಿಸುವೆನೆಂದು ಹೇಳುವುದಿಲ್ಲ. ಅದರ ತೂಕವನ್ನು ಇಳಿಸುವೆನೆಂದಷ್ಟೇ ಹೇಳುತ್ತದೆ. ಗುಣಪಡಿಸುವುದು ಬೇರೆ, ಹಗುರಗೊಳಿಸುವುದು ಬೇರೆ.

ಈ ಭೇದವನ್ನು ಅರಿಯದುದರಿಂದಲೇ ಎಷ್ಟೋ ಮನೆಗಳಲ್ಲಿ, ವಾಸಿಯಾಗದೆಂದು ವೈದ್ಯರು ಹೇಳಿದೊಡನೆ, ಇನ್ನು ಮಾಡತಕ್ಕದ್ದೇನೂ ಇಲ್ಲವೆಂದು ಕೈಬಿಡುವರು. ಬೆಂಗಳೂರಿನಲ್ಲಿ 1994ರಲ್ಲಿ ಹಾಸ್ಪಿಸ್ ಟ್ರಸ್ಟ್ ಸ್ಥಾಪಿತವಾಯಿತು. ಮಾರತ್ತಹಳ್ಳಿಯ ಬಳಿ ಅದರ 'ಕರುಣಾಶ್ರಯ'ವು 1999ರಲ್ಲಿ ತೆರೆಯಿತು. ಗುಣವಾಗುವ ಹಂತವನ್ನು ಮೀರಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಶುಲ್ಕವಿಲ್ಲದೆ ಶುಶ್ರೂಷೆ ನಡೆಯುತ್ತದೆ. ಕ್ಯಾನ್ಸರಿನ ನೋವಿಗೆ, ಅದು ಕೆರಳುವವರೆಗೆ ಕಾಯದೆ, ಹೊತ್ತಿಗೆ ಸರಿಯಾಗಿ ಔಷಧ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ತಿಳಿಸಿತು. ಆದುದರಿಂದ ವೈದ್ಯನ ಕೆಲಸ ಅಲ್ಲಿಗೆ ಮುಗಿಯದು, ಮನೆಯವರದಂತೂ ಮುಗಿಯದು.

ಕರ್ಮಫಲವನ್ನು ಉಣ್ಣಲೇಬೇಕಷ್ಟೆ, ನಡುವೆ ನೋವನ್ನು ತಗ್ಗಿಸುವುದೇಕೆ ಎಂದು ಕೆಲವರು ಕೇಳುವರು. ನರಳುವವನ ಕರ್ಮವನ್ನು ಎಣಿಸುವುದು ಪಕ್ಕದಲ್ಲಿ ನಿಂತವನ ಕೆಲಸವಲ್ಲ. ಅವನ ಪಾಲಿಗೆ ಬಂದಿರುವುದು ದಾಸೋಹ. ಹಸಿದವನಿಗೆ ಅನ್ನವನ್ನು ನೀಡುವಾಗ ಅವನ ಹಸಿವಿಗೆ ಕಾರಣವೇನೆಂದು ಶರಣಧರ್ಮದಲ್ಲಿ ಯಾರೂ ವಿಚಾರಿಸುವುದಿಲ್ಲವಷ್ಟೆ.

ರಾತ್ರಿಯಲ್ಲಿ ಎದ್ದು ಮಗ್ಗುಲು ಹೊರಳಿಸುವುದು, ಒಣಗಿದ ತುಟಿಯನ್ನು ಒದ್ದೆಮಾಡುವುದು, ಹೊತ್ತು ತಪ್ಪದೆ ಗುಳಿಗೆ ಕೊಡುವುದು, ಕೈಹಿಡಿದು ಕುಳಿತಿರುವುದು, ಇವುಗಳಿಂದ ರೋಗವು ಹೋಗದು. ಆದರೆ ಒಬ್ಬನೇ ಹೊತ್ತಿದ್ದ ಹೊರೆಗೆ ಇನ್ನೊಂದು ಹೆಗಲು ಸೇರುತ್ತದೆ. ಗುರುವು ಲಘುವಾಗುವ ಬಗೆ ಇದೇ.