ಮೂರು ತರಗತಿ, ಒಬ್ಬಳೇ ಅಮ್ಮ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ಪೋಷಕರಿಂದ ಈ ಸಲ ಸಾಕಷ್ಟು ಪತ್ರಗಳು ಬಂದಿವೆ. ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ದಿನದ ಪಾಠ ಸಾಗಿಸುವುದು ಹೇಗೆ ಎಂಬುದೇ ಹೆಚ್ಚಿನವರ ಅಳಲು. ನಲಿ-ಕಲಿ ತರಗತಿ ನಡೆಸಿದ ಅನುಭವದ ಮೇಲೆ ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮೂವರೂ ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ. ದೊಡ್ಡವಳಿಗೆ ಎಂಟನೇ ತರಗತಿಯ ಪಾಠ, ನಡುವಿನವನಿಗೆ ಐದರದು, ಚಿಕ್ಕವನಿಗೆ ಎರಡರದು. ಶಾಲೆಯ ಹಾಗೇ ಪೀರಿಯಡ್ ಮಾಡಿ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇನೆ. ಒಬ್ಬರಿಗೆ ಹೇಳಿಕೊಡುವಾಗ ಇನ್ನಿಬ್ಬರು ‘ಅಮ್ಮಾ, ಇದು ಬರ್ತಿಲ್ಲ’ ಎಂದು ಕರೆಯುತ್ತಲೇ ಇರುತ್ತಾರೆ. ಹನ್ನೊಂದು ಗಂಟೆಗೆಲ್ಲ ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಅಡುಗೆಯೂ ಆಗಿರುವುದಿಲ್ಲ. ಪಟ್ಟಿಯಲ್ಲಿದ್ದದ್ದು ಒಂದು ದಿನವೂ ಮುಗಿದಿಲ್ಲ.
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಮೊದಲು ಆ ಪಟ್ಟಿಯನ್ನು ಗೋಡೆಯಿಂದ ತೆಗೆಯಿರಿ. ಅದು ತರಗತಿಗೊಬ್ಬ ಮೇಷ್ಟ್ರಿರುವ ಶಾಲೆಗೆ ಹೊಂದುವಂಥದ್ದು. ನಿಮ್ಮಲ್ಲಿ ಮೂರು ತರಗತಿಗೂ ನೀವೊಬ್ಬರೇ. ಆದ್ದರಿಂದ ಪಟ್ಟಿ ಬೇಕಿರುವುದು ಮಕ್ಕಳ ಸಮಯಕ್ಕಲ್ಲ, ನಿಮ್ಮ ಸಮಯಕ್ಕೆ. ಯಾವ ಹೊತ್ತಿಗೆ ಯಾರ ಪಕ್ಕ ಕೂರುತ್ತೀರಿ, ಆಗ ಉಳಿದಿಬ್ಬರು ನಿಮ್ಮನ್ನು ಕರೆಯದೆ ಏನು ಮಾಡಬಲ್ಲರು ಎಂದಷ್ಟೇ ಬರೆದುಕೊಳ್ಳಿ.

ನಮ್ಮ ಸರ್ಕಾರಿ ಶಾಲೆಗಳು ಈ ಕಷ್ಟವನ್ನು ಬಹಳ ಹಿಂದೆಯೇ ಕಂಡಿವೆ. ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯ ಹಳ್ಳಿಶಾಲೆಗಳಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರುಮಾಡಿದ ಪದ್ಧತಿಯೇ ನಲಿ-ಕಲಿ. ಅಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳಿರುತ್ತಾರೆ, ಆದರೆ ತರಗತಿವಾರು ಕೂರಿಸುವುದಿಲ್ಲ. ಹೊಸದನ್ನು ಕಲಿಯುತ್ತಿರುವ ಮಗು ಟೀಚರ್ ಪಕ್ಕದ ತಟ್ಟೆಯಲ್ಲಿ (ಗುಂಪಿಗೆ ಅಲ್ಲಿ ತಟ್ಟೆ ಎನ್ನುತ್ತಾರೆ), ಅಭ್ಯಾಸದ ಹಂತದಲ್ಲಿರುವ ಮಗು ಸಹಪಾಠಿಗಳ ಜೊತೆ, ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವ ಮಗು ಸ್ವಕಲಿಕೆಯ ತಟ್ಟೆಯಲ್ಲಿ. ಯಾರಿಗೆ ಎಷ್ಟು ಸಹಾಯ ಬೇಕು ಎಂಬುದೇ ಅಲ್ಲಿ ಲೆಕ್ಕ. ನಿಮ್ಮ ಮನೆಗೂ ಇದೇ ದಾರಿ.

ಬೆಳಗಿನ ಮೊದಲ ಅರ್ಧ ಗಂಟೆ ಚಿಕ್ಕವನದಾಗಲಿ, ಮೂವರಲ್ಲಿ ಕಾಯಲಾರದವನು ಅವನೇ. 42ರಲ್ಲಿ 17 ಕಳೆಯುವುದನ್ನು ಹೇಳಿಕೊಡಬೇಕು ಎನ್ನೋಣ. ಕಸಬರಿಗೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವನ ಕೈಗೆ ಕೊಟ್ಟು ‘ಹದಿನೇಳು ಕೊಡು’ ಎನ್ನಿ. ಒಂದು ಕಟ್ಟು ಕೊಡುತ್ತಾನೆ. ಏಳು ಬಿಡಿ ಕಡ್ಡಿ ಕೊಡಲಾಗದೆ ನಿಮ್ಮ ಮುಖ ನೋಡುತ್ತಾನೆ. ಆಗ ಬಾಯಿಬಿಡಬೇಡಿ. ತಾನಾಗಿ ಇನ್ನೊಂದು ಕಟ್ಟು ಬಿಚ್ಚಿದನೆಂದರೆ ಕಳೆಯುವ ಲೆಕ್ಕದ ಕಷ್ಟದ ಭಾಗ ಮುಗಿದಂತೆ. ಇದಕ್ಕೆ ನೀವು ಪಕ್ಕದಲ್ಲೇ ಇರಬೇಕು, ಗಮನ ಬೇರೆಲ್ಲೂ ಇರಬಾರದು.

ಆ ಹೊತ್ತಿಗೆ ನಡುವಿನವನು ನಿನ್ನೆ ಕಲಿತ ಭಿನ್ನರಾಶಿಯ ಲೆಕ್ಕ ಮಾಡಲಿ, ದೊಡ್ಡವಳು ಪಾಠ ಓದಿ ಟಿಪ್ಪಣಿ ಬರೆಯಲಿ. ನಿನ್ನೆ ಕಲಿತದ್ದು ಎಂಬ ಮಾತು ಮುಖ್ಯ. ತಾನಾಗಿ ಮಾಡುವ ಹೊತ್ತಿಗೆ ಹೊಸ ಪಾಠ ಕೊಟ್ಟರೆ ಐದು ನಿಮಿಷಕ್ಕೆ ಬಂದು ಸೆರಗು ಜಗ್ಗಿಯೇ ಜಗ್ಗುತ್ತಾರೆ, ಅದು ಮಕ್ಕಳ ತಪ್ಪಲ್ಲ. ತೊಡಕಾದ ಲೆಕ್ಕದ ಪಕ್ಕ ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟು ಮುಂದಿನದಕ್ಕೆ ಹೋಗುವ ರೂಢಿ ಮಾಡಿಸಿ. ಚಿಕ್ಕವನು ಎದ್ದು ಆಡಲು ಹೋದ ಮೇಲೆ ಆ ಚುಕ್ಕಿಗಳಿಂದಲೇ ನಡುವಿನವನ ಪಾಠ ಶುರುಮಾಡಿ. ಆಮೇಲೆ ದೊಡ್ಡವಳ ಸರದಿ. ಓದಿದ್ದನ್ನು ಅವಳೇ ನಿಮಗೆ ವಿವರಿಸಲಿ, ನೀವು ಪ್ರಶ್ನೆ ಕೇಳಿ. ತರಕಾರಿ ಹೆಚ್ಚುತ್ತಲೂ ಇದನ್ನು ಮಾಡಬಹುದು.

ಬೇರೆ ಬೇರೆಯಾಗಿ ಕಲಿಸಲೇಬೇಕಾದದ್ದು ಗಣಿತ ಮತ್ತು ಓದು-ಬರಹ ಮಾತ್ರ. ವಿಜ್ಞಾನ, ಸಮಾಜ, ಚಿತ್ರ, ಕಥೆ ಇವೆಲ್ಲ ಒಟ್ಟಿಗೇ ನಡೆಯಲಿ. ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆ, ಮಳೆಗಿಂತ ಒಳ್ಳೆಯ ಪಾಠ ಎಲ್ಲಿ ಹುಡುಕುತ್ತೀರಿ? ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿಯೊಂದನ್ನು ಅಂಗಳದಲ್ಲಿಟ್ಟು ದಿನಾ ಬೆಳಿಗ್ಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯುವುದು ಚಿಕ್ಕವನ ಕೆಲಸ. ಅದನ್ನು ಬರೆದಿಟ್ಟು ವಾರದ ಸ್ತಂಭಚಿತ್ರ ಬಿಡಿಸುವುದು ನಡುವಿನವನದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡಿನ ಕೆಳಗಿನ ನೆಲ 100 ಚದರ ಮೀಟರ್ ಇದ್ದು 30 ಮಿಲಿಮೀಟರ್ ಮಳೆ ಬಂದರೆ ಮಾಡಿನ ಮೇಲೆ ಬಿದ್ದದ್ದು 3,000 ಲೀಟರ್. ನಿಮ್ಮ ಮನೆಯ ಲೆಕ್ಕವನ್ನು ದೊಡ್ಡವಳು ಮಾಡಲಿ, ಅರಬ್ಬಿ ಸಮುದ್ರದ ಗಾಳಿ ಘಟ್ಟ ಏರುವಾಗ ಯಾಕೆ ಮಳೆ ಸುರಿಸುತ್ತದೆ ಎಂಬುದನ್ನು ತಮ್ಮಂದಿರಿಗೆ ಹೇಳಲಿ.

ಕೂತು ಮಾಡುವ ಪಾಠ ಚಿಕ್ಕವನಿಗೆ ಒಂದೂವರೆ ಗಂಟೆಗಿಂತ ಹೆಚ್ಚು ಬೇಡ. ದೊಡ್ಡವಳಿಗೆ ನಾಲ್ಕು ಗಂಟೆ ಧಾರಾಳವಾಯಿತು. ರಾತ್ರಿ ಒಬ್ಬೊಬ್ಬರ ಹೆಸರಿನ ಪುಸ್ತಕದಲ್ಲಿ ಆ ದಿನ ಆದದ್ದನ್ನು ಎರಡು ಸಾಲು ಬರೆದಿಡಿ. ಆಗದೆ ಉಳಿದದ್ದನ್ನು ಬರೆಯಬೇಡಿ.

ಪ್ರಶ್ನೆ: ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಒಂಬತ್ತು. ಲೆಕ್ಕದಲ್ಲಿ ಅಣ್ಣನಿಗಿಂತ ತಂಗಿಯೇ ಮುಂದು. ಅವಳು ಉತ್ತರ ಹೇಳಿಬಿಟ್ಟರೆ ಇವನು ಪುಸ್ತಕ ಮುಚ್ಚಿ ಎದ್ದು ಹೋಗುತ್ತಾನೆ. ಅವಳ ಕೈಯಿಂದಲೇ ಅವನಿಗೆ ಹೇಳಿಸಿದರೆ ಹೇಗೆ?
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು ಸಹಜ. ತಿರುಗುಮುರುಗಾದರೆ ಆ ಹುಡುಗ ಲೆಕ್ಕವನ್ನಷ್ಟೇ ಅಲ್ಲ, ತಂಗಿಯನ್ನೂ ದೂರ ಮಾಡುತ್ತಾನೆ. ಗಣಿತದ ಹೊತ್ತಿಗೆ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ. ಮಾತಿನಲ್ಲಿ ‘ಆರನೇತ್ತ ಲೆಕ್ಕ, ನಾಲ್ಕನೇತ್ತ ಲೆಕ್ಕ’ ಎನ್ನುವುದನ್ನು ಬಿಡಿ, ಪುಸ್ತಕಕ್ಕೆ ರಟ್ಟು ಹಾಕಿ ತರಗತಿಯ ಅಂಕೆ ಮುಚ್ಚಿ.

ಆಮೇಲೆ ಅವನು ಎಲ್ಲಿ ಎಡವಿದ್ದಾನೆ ಎಂದು ಹುಡುಕಿ. ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದೋ ಎಂದು ಕೇಳಿ ನೋಡಿ. ‘ನಾಲ್ಕು ದೊಡ್ಡದು, ಅದಕ್ಕೇ ನಾಲ್ಕನೇ ಒಂದು’ ಎಂದನೋ, ತೊಡಕು ಭಿನ್ನರಾಶಿಯಲ್ಲಿದೆ. ಎರಡು ಜೋಳದ ರೊಟ್ಟಿ ತೊಗೊಂಡು ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಪಾಲು ಮಾಡಿಸಿ, ಹಸಿದಾಗ ಯಾವ ತುಂಡು ಎತ್ತಿಕೊಳ್ಳುತ್ತೀ ಎಂದು ಕೇಳಿ. ಎಷ್ಟು ಹಿಂದಿನ ಪಾಠಕ್ಕೆ ಹೋಗಬೇಕಾದರೂ ಹೋಗಿ. ಮನೆಯಲ್ಲಿ ಓದಿಸುವುದರ ದೊಡ್ಡ ಅನುಕೂಲವೇ ಅದು.

ಪ್ರಶ್ನೆ: ನಾವು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇವೆ. ಆರು ಮತ್ತು ಹನ್ನೊಂದು ವರ್ಷದ ಮಕ್ಕಳಿಗೆ ಹೋಂಸ್ಕೂಲಿಂಗ್ ಮಾಡುತ್ತಿದ್ದೇವೆ. ಇಬ್ಬರಿಗೂ ಕನ್ನಡ ಕಲಿಸುವ ಆಸೆ, ಇನ್ನೆರಡು ಪಾಠಕ್ಕೆ ಸಮಯವೇ ಇಲ್ಲ.
– ಒಬ್ಬ ತಾಯಿ, ಡಲ್ಲಾಸ್

ಉತ್ತರ: ಎರಡು ಪಾಠ ಯಾಕೆ? ಹನ್ನೊಂದರವನಿಗೂ ಅಕ್ಷರ ಬಾರದಿದ್ದರೆ ಕನ್ನಡದ ಮಟ್ಟಿಗೆ ಇಬ್ಬರೂ ಒಂದೇ ತರಗತಿ. ನಿಮ್ಮ ರಾಜ್ಯದಲ್ಲಿ ಓದು, ಕಾಗುಣಿತ, ವ್ಯಾಕರಣ, ಗಣಿತ, ಪೌರನೀತಿ ಇಷ್ಟು ಕಲಿಸಿದರೆ ಕಾನೂನಿಗೆ ಸಾಕು. ಉಳಿದ ಹೊತ್ತು ನಿಮ್ಮದೇ. ದಿನಕ್ಕೆ ಇಪ್ಪತ್ತು ನಿಮಿಷ ಕನ್ನಡಕ್ಕೆ ಕೊಡಿ.

ಅಆಇಈಯಿಂದ ಶುರುಮಾಡಬೇಡಿ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಿಂದ ಸರ, ಅರಸ, ಗರಗಸ ಓದಬಹುದು. ಮೊದಲ ವಾರವೇ ಮಕ್ಕಳು ಪದ ಓದುತ್ತಾರೆ, ಹುರುಪು ಬರುತ್ತದೆ. ಅಕ್ಷರ ಒಂದೇ ಇರಲಿ, ಓದುವ ವಿಷಯ ಬೇರೆಯಾಗಲಿ: ದೊಡ್ಡವನಿಗೆ ಶಿಶುಗೀತೆ ಕೊಟ್ಟರೆ ನಾಚಿಕೊಳ್ಳುತ್ತಾನೆ, ಅವನಿಗೆ ಊರಿನ ಬಸ್ಸಿನ ಬೋರ್ಡು, ಅಜ್ಜಿಯ ವಾಟ್ಸ್‌ಆ್ಯಪ್ ಸಂದೇಶ ಓದಲು ಕೊಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಪ್ರಶ್ನೆ: ಹೀಗೆ ಮನೆಯಲ್ಲೇ ಓದಿದರೆ ಮುಂದೆ ಪರೀಕ್ಷೆಯ ಗತಿ ಏನು? ದೊಡ್ಡವನಿಗೆ ಹದಿಮೂರು ನಡೆಯುತ್ತಿದೆ.
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 1989ರಿಂದ ಇದೆ. ಹದಿನಾಲ್ಕು ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವಿಷಯ ಪಾಸಾದರೆ ಪ್ರಮಾಣಪತ್ರ, ಭಾಷಾ ವಿಷಯಗಳಲ್ಲಿ ಕನ್ನಡವೂ ಇದೆ. ನೋಂದಣಿ ಐದು ವರ್ಷ ನಡೆಯುತ್ತದೆ, ವರ್ಷಕ್ಕೆ ಎರಡು ಸಲ ಸಾರ್ವಜನಿಕ ಪರೀಕ್ಷೆ ಇರುತ್ತದೆ. ಎಲ್ಲ ವಿಷಯವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಒಬ್ಬರಿಗಿಂತ ಹೆಚ್ಚು ಮಕ್ಕಳ ಪಾಠ ನೋಡುವ ನಿಮ್ಮಂಥವರಿಗೆ ಇದು ದೊಡ್ಡ ಉಪಕಾರ: ಒಂದು ಸಲಕ್ಕೆ ಎರಡು ವಿಷಯ ಎಂದು ಹಂಚಿಕೊಂಡರೆ ಚಿಕ್ಕವರ ಪಾಠ ನಿಲ್ಲಿಸಬೇಕಾಗುವುದಿಲ್ಲ. ಚಿಕ್ಕವರಿಗೆ ಅದೇ ಸಂಸ್ಥೆಯ ಮುಕ್ತ ಮೂಲಶಿಕ್ಷಣದಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ.

ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಮಗುವಿನ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿ. ವ್ಯತ್ಯಾಸವಿದ್ದರೆ ಹದಿನಾಲ್ಕು ತುಂಬುವುದರೊಳಗೆ ಸರಿಪಡಿಸಿಕೊಳ್ಳಿ.