ಕ್ಲೇಲಾಕ್‌ನಲ್ಲಿ ಎರಡು ರಾತ್ರಿ: ವೇಸ್ಟ್ ಆಗದಂತೆ ಕಳೆಯಲು 11 ಸೂತ್ರಗಳು

ಲಾಂಗ್ ವೀಕೆಂಡ್ ಬರುತ್ತದೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ‘ಎಲ್ಲಿಗೆ ಹೋಗೋಣ’ ಅಂತ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಚರ್ಚೆ ಶುರು. ಬೆಳಗಾಗುವ ಹೊತ್ತಿಗೆ ಎಲ್ಲ ಕಡೆ ಫುಲ್. ಕೊನೆಗೆ ಔಟ್‌ಲೆಟ್ ಮಾಲ್‌ಗೆ ಹೋಗಿ, ಬೇಡದ ಶೂ ಕೊಂಡು ವಾಪಸ್. ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಕೆಲಸಕ್ಕಿರುವವರೇ, ಎಂಎಸ್ ಓದುತ್ತಿರುವವರೇ, ಇದನ್ನು ಈ ವರ್ಷಕ್ಕೆ ನಿಲ್ಲಿಸಿ.

ನಿಮ್ಮ ಟಾರ್ಗೆಟ್ ಇದು: ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನ ಒಳಗೆ, ಪೆಸಿಫಿಕ್ ಸಾಗರದ ಅಂಚಿನಲ್ಲಿರುವ ಕ್ಲೇಲಾಕ್ ಲಾಡ್ಜ್. ಸಿಯಾಟಲ್‌ನಿಂದ ಸುಮಾರು 260 ಕಿ.ಮೀ., ಕಾರಿನಲ್ಲಿ ಮೂರೂವರೆ ಗಂಟೆ. 1920ರ ದಶಕದಲ್ಲಿ ಬೆಕರ್ ಎಂಬ ಕುಟುಂಬ ಶುರುಮಾಡಿದ ತಂಗುದಾಣ. 1978ರಲ್ಲಿ ನ್ಯಾಷನಲ್ ಪಾರ್ಕ್ ಸರ್ವಿಸ್ ಅದನ್ನು ಕೊಂಡಿತು. ಮರದ ಗೋಡೆಯ ಲಾಡ್ಜ್, ದಿಬ್ಬದ ಮೇಲೆ ಸಾಲಾಗಿ ಸಣ್ಣ ಕ್ಯಾಬಿನ್‌ಗಳು, ಕೆಳಗೆ ಸಮುದ್ರ. ಅಷ್ಟೇ. ಸ್ಪಾ ಇಲ್ಲ, ಸ್ವಿಮ್ಮಿಂಗ್ ಪೂಲ್ ಇಲ್ಲ. ಇಲ್ಲಿ ಎಲ್ಲವೂ ನಡೆಯುವುದು ಮಳೆ, ಅಲೆ, ಬೆಳಕು ಹಾಕಿಕೊಟ್ಟ ಟೈಮ್‌ಟೇಬಲ್ ಪ್ರಕಾರ. ಅದನ್ನು ಮನೆಯಲ್ಲೇ ಓದಿಕೊಂಡು ಹೋದವರಿಗೆ ಎರಡು ರಾತ್ರಿ ಧಾರಾಳ ಸಾಕು.

1. ಮೊದಲು ತಾರೀಖು, ಆಮೇಲೆ ಮಿಕ್ಕಿದ್ದೆಲ್ಲ

ಬೇಸಿಗೆಯ ವೀಕೆಂಡ್ ಬೇಕೆಂದರೆ ಬಹಳ ತಿಂಗಳು ಮೊದಲೇ ಬುಕ್ ಮಾಡಿ. ‘ರಜೆ ಸಿಗುತ್ತೋ ಇಲ್ಲವೋ’ ಎಂದು ಕಾಯುತ್ತಾ ಕೂರಬೇಡಿ. ಈ ಅನುಮಾನ ಒಂದು ಅಭ್ಯಾಸ, ಉಗುರು ಕಚ್ಚುವ ಅಭ್ಯಾಸದ ಹಾಗೆ, ಬಿಡಿಸಿಕೊಳ್ಳಬಹುದು. ಕ್ಯಾನ್ಸಲೇಶನ್ ನಿಯಮ ಓದಿ, ರೂಮ್ ಹಿಡಿದಿಟ್ಟು, ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ. ಕೈಯಲ್ಲಿ ತಾರೀಖು ಇರುವವನಿಗೆ ರಜೆ ಸಿಗುತ್ತದೆ. ಆಸೆ ಮಾತ್ರ ಇರುವವನಿಗೆ ‘ನೆಕ್ಸ್ಟ್ ಕ್ವಾರ್ಟರ್ ನೋಡೋಣ’ ಎಂಬ ಉತ್ತರ ಸಿಗುತ್ತದೆ. ಫುಲ್ ಆಗಿದ್ದರೂ ಕೈಬಿಡಬೇಡಿ: ಬೇರೆಯವರು ಕ್ಯಾನ್ಸಲ್ ಮಾಡಿದ ದಿನಗಳು ಆಗಾಗ ತೆರೆಯುತ್ತವೆ. ವಾರದ ನಡುವಿನ ದಿನಗಳಿಗೆ ಪೈಪೋಟಿ ಕಡಿಮೆ.

2. ಸೀಸನ್ ಆರಿಸಿ, ಗೊಣಗಬೇಡಿ

ಮಲೆನಾಡಿನವರು ಇಲ್ಲಿ ಕ್ಯಾಲೆಂಡರ್ ತಲೆಕೆಳಗು ಹಿಡಿಯಬೇಕು. ಆಗುಂಬೆಯ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಇಲ್ಲಿ ಜುಲೈ, ಆಗಸ್ಟ್ ಒಣ ತಿಂಗಳು. ಮಳೆಗಾಲ ಅಂದರೆ ಅಕ್ಟೋಬರ್‌ನಿಂದ ಏಪ್ರಿಲ್. ಪಾರ್ಕ್‌ನೊಳಗಿನ ಹೋಹ್ ಮಳೆಕಾಡಿಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆಗುಂಬೆಗೆ ಬೀಳುವುದು ಹೆಚ್ಚುಕಡಿಮೆ ಅದರ ಎರಡರಷ್ಟು, ಆದ್ದರಿಂದ ತೀರ್ಥಹಳ್ಳಿ ಕಡೆಯವರು ಹೆದರಬೇಕಾದ್ದೇನಿಲ್ಲ. ಆದರೆ ಇದು ಧೋ ಎಂದು ಸುರಿದು ಬಿಡುವ ಮಳೆಯಲ್ಲ. ಚಳಿಯ ಜೊತೆ ಬಂದು ಜಿಟಿಜಿಟಿ ಹಿಡಿದು ಕೂರುವ ಮಳೆ.

ಆದ್ದರಿಂದ ಮೊದಲೇ ತೀರ್ಮಾನಿಸಿ. ಸಂಜೆ ಉದ್ದಕ್ಕೆ ಬೇಕೆ? ಜೂನ್ ಕೊನೆಯಲ್ಲಿ ಹೋಗಿ, ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ. ಬೇಸಿಗೆಯಲ್ಲೂ ಬೆಳಿಗ್ಗೆ ಮಂಜು ಮುಸುಕಿರುತ್ತದೆ ಎಂಬುದು ನೆನಪಿರಲಿ. ತಿಮಿಂಗಿಲ ಬೇಕೆ? ಮಾರ್ಚ್‌ನಿಂದ ಮೇ ನಡುವೆ ಗ್ರೇ ವೇಲ್‌ಗಳು ಮರಿಗಳ ಜೊತೆ ಉತ್ತರಕ್ಕೆ ಹೋಗುತ್ತಿರುತ್ತವೆ. ಬಿರುಗಾಳಿ ಬೇಕೆ? ನವೆಂಬರ್‌ನಿಂದ ಫೆಬ್ರವರಿ. ಸೌದೆ ಒಲೆ ಇರುವ ಕ್ಯಾಬಿನ್ ಕೇಳಿ ಪಡೆಯಿರಿ, ಕಿಟಕಿ ಪಕ್ಕ ಕುಳಿತು ಅಲೆ ನೋಡಿ. ನನ್ನನ್ನು ಕೇಳಿದರೆ ಕ್ಲೇಲಾಕ್‌ಗೆ ಚಳಿಗಾಲವೇ ಸರಿ: ಜನ ಕಡಿಮೆ, ಬಾಡಿಗೆಯೂ ಕಡಿಮೆ, ಸಮುದ್ರಕ್ಕೆ ಮಾತ್ರ ಫುಲ್ ಫಾರ್ಮ್. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವುದನ್ನು ಲೆಕ್ಕಕ್ಕಿಟ್ಟುಕೊಂಡು ಪ್ಲಾನ್ ಹಾಕಿ.

3. ಟೈಡ್ ಟೇಬಲ್ ಓದಲು ಕಲಿಯಿರಿ

ಹನ್ನೊಂದರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಒಂದೇ ಎತ್ತರದವಲ್ಲ. ಕೆಲವು ದಿನ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 3 ಮೀಟರ್ ಮೀರುತ್ತದೆ. ಮಲ್ಪೆ, ಕಾರವಾರ ನೋಡಿ ಬೆಳೆದವರ ಕಣ್ಣಳತೆ ಇಲ್ಲಿ ಕೈಕೊಡುತ್ತದೆ. ಬೆಳಿಗ್ಗೆ ಅಗಲವಾಗಿ ನಡೆದು ಹೋದ ಬೀಚ್ ಮಧ್ಯಾಹ್ನಕ್ಕೆ ಬಂಡೆ ಮತ್ತು ನೀರಿನ ನಡುವಿನ ಸಂದಿಯಾಗಿರಬಹುದು.

ಮಾಡಬೇಕಾದ್ದು ಸುಲಭ. ಅಮೆರಿಕ ಸರ್ಕಾರದ ನೋವಾ ಸಂಸ್ಥೆಯ ಟೈಡ್ ಟೇಬಲ್ ಮನೆಯಲ್ಲೇ ಡೌನ್‌ಲೋಡ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಇಳಿತದ ಮುಂದೆ ಮೈನಸ್ ಚಿಹ್ನೆ ಇರುವ ದಿನ ಸಿಕ್ಕಿತೆಂದರೆ ಲಾಟರಿ ಹೊಡೆದಂತೆ. ಅಂಥ ಆಳದ ಇಳಿತಗಳು ಈ ಕರಾವಳಿಯಲ್ಲಿ ಬೇಸಿಗೆಯಲ್ಲಿ ಬೆಳಗಿನ ಹೊತ್ತು ಬರುತ್ತವೆ, ಚಳಿಗಾಲದಲ್ಲಿ ರಾತ್ರಿ. ಇಳಿತದ ಸಮಯಕ್ಕಿಂತ ಒಂದು ಗಂಟೆ ಮೊದಲೇ ‘ಬೀಚ್ 4’ ತಲುಪಿ, ನೀರು ತಿರುಗುವ ಮುನ್ನ ವಾಪಸ್ ಹೊರಡಿ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಹಸಿರು ಅನೆಮನಿ, ಕಿತ್ತಳೆ ಮತ್ತು ನೇರಳೆ ಬಣ್ಣದ ನಕ್ಷತ್ರಮೀನು, ಚಿಪ್ಪು ಹೊತ್ತು ಓಡಾಡುವ ಏಡಿ. ಬರಿ ಬಂಡೆಯ ಮೇಲೆ ಕಾಲಿಡಿ, ಜೀವಿಗಳ ಮೇಲಲ್ಲ. ಕೀಳಬೇಡಿ, ಎತ್ತಬೇಡಿ. 2013ರ ನಂತರ ಬಂದ ಒಂದು ರೋಗಕ್ಕೆ ಈ ಕರಾವಳಿಯ ನಕ್ಷತ್ರಮೀನುಗಳು ರಾಶಿರಾಶಿ ಸತ್ತಿವೆ. ಉಳಿದವಕ್ಕೆ ನಿಮ್ಮ ಸೆಲ್ಫಿ ಬೇಕಿಲ್ಲ.

ಮೀಟಿಂಗ್‌ಗೆ ಐದು ನಿಮಿಷ ತಡವಾದರೆ ‘ಸಾರಿ’ ಅಂದರೆ ನಡೆಯುತ್ತದೆ. ಟೈಡ್ ಯಾರನ್ನೂ ಕಾಯುವುದಿಲ್ಲ. ಅಲಾರಂ ಇಡಿ.

4. ಆಫೀಸಿಗೆ ಮೊದಲೇ ಹೇಳಿ: ಸಿಗುವುದಿಲ್ಲ

ಕ್ಯಾಬಿನ್‌ಗಳಲ್ಲಿ ಟಿವಿ ಇಲ್ಲ. ಮೊಬೈಲ್ ಸಿಗ್ನಲ್ ನಂಬುವಂಥದ್ದಲ್ಲ, ವೈಫೈ ಮೇಲೂ ಭರವಸೆ ಇಡಬೇಡಿ. ಹೀಗಿದ್ದೂ ಲ್ಯಾಪ್‌ಟಾಪ್ ಹೊತ್ತು ಬರುವವರಿದ್ದಾರೆ. ಕಾರ್ ಪಾರ್ಕಿಂಗ್‌ನಲ್ಲಿ ಫೋನ್ ಮೇಲೆತ್ತಿ ಒಂದು ಕಡ್ಡಿ ಸಿಗ್ನಲ್‌ಗಾಗಿ ಸುತ್ತುವವರು ಅವರೇ. ಆನ್‌ಕಾಲ್ ಡ್ಯೂಟಿ ಇರುವ ವಾರ ಹೋಗಬೇಡಿ. ‘ಔಟ್ ಆಫ್ ಆಫೀಸ್’ ಮೆಸೇಜ್ ಹಾಕಿ, ಯಾರನ್ನು ಕೇಳಬೇಕೆಂದು ಅದರಲ್ಲೇ ಬರೆಯಿರಿ. ಮೈಸೂರಿನ ಅಮ್ಮನಿಗೂ ಹೇಳಿ, ಇಲ್ಲವಾದರೆ ಎರಡು ದಿನ ಫೋನ್ ಇಲ್ಲವೆಂದು ಅವರು ನಿಮ್ಮ ಇಡೀ ಬಳಗವನ್ನು ಎಬ್ಬಿಸಿಬಿಡುತ್ತಾರೆ. ನೀವಿಲ್ಲದೆ ಟೀಮ್ ಎರಡು ದಿನ ನಡೆಯುವುದಿಲ್ಲ ಅನ್ನಿಸುತ್ತಿದೆಯೆ? ನಡೆಯುತ್ತದೆ. ಮ್ಯಾಪ್ ಮಾತ್ರ ಆಫ್‌ಲೈನ್ ಇಳಿಸಿಕೊಳ್ಳಿ.

5. ಛತ್ರಿ ಬಿಡಿ, ಜಾಕೆಟ್ ತೊಡಿ

ಸಮುದ್ರದ ಗಾಳಿಗೆ ಛತ್ರಿ ಹತ್ತು ನಿಮಿಷ ಬಾಳುವುದಿಲ್ಲ. ನೀರು ಒಳಬಿಡದ ಜಾಕೆಟ್, ಒಳಗೆ ಉಣ್ಣೆ ಅಥವಾ ಫ್ಲೀಸ್, ಎರಡು ಜೊತೆ ಸಾಕ್ಸ್, ಟಾರ್ಚ್. ಜೀನ್ಸ್ ಬೇಡ: ನೆಂದರೆ ಎರಡು ದಿನ ಒಣಗುವುದಿಲ್ಲ. ಊರಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದರೆ ಜುಲೈನಲ್ಲೂ ಮಫ್ಲರ್ ಇರಲಿ.

6. ಊಟದ ಜವಾಬ್ದಾರಿ ನಿಮ್ಮದೇ

ಲಾಡ್ಜ್‌ನಲ್ಲಿ ಒಂದು ರೆಸ್ಟೋರೆಂಟ್, ಒಂದು ಸಣ್ಣ ಅಂಗಡಿ. ಸುತ್ತ ಬೇರೇನೂ ಇಲ್ಲ. ಮೀನು ತಿನ್ನುವವರಿಗೆ ಚಿಂತೆಯಿಲ್ಲ. ಸಸ್ಯಾಹಾರಿಗಳು ಅಡುಗೆಮನೆ ಇರುವ ಕ್ಯಾಬಿನ್ ಬುಕ್ ಮಾಡಿ. ಪಾತ್ರೆ ಕೊಡುತ್ತಾರೆಯೇ ಎಂದು ಆಗಲೇ ಕೇಳಿ. ದಕ್ಷಿಣದ ದಾರಿಯಲ್ಲಿ ಬಂದರೆ ಅಬರ್ಡೀನ್ ಕೊನೆಯ ದೊಡ್ಡ ಊರು: ತರಕಾರಿ, ಹಾಲು, ಮೊಸರು ಅಲ್ಲೇ ಮುಗಿಸಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಹುರಿದ ರವೆ ಮನೆಯಿಂದ. ಬಿಸಿ ಅನ್ನಕ್ಕೆ ಗೊಜ್ಜು ಕಲಸಲು ಹತ್ತು ನಿಮಿಷ ಸಾಕು. ಸೂರ್ಯಾಸ್ತದ ಹೊತ್ತಿಗೆ ಸರಿಯಾಗಿ ಒಲೆ ಮುಂದೆ ನಿಂತಿರುವವರ ಪೈಕಿ ನೀವಾಗಬೇಡಿ. ಮಿಕ್ಕ ತಿಂಡಿಯನ್ನು ಹೊರಗಿಡಬೇಡಿ. ಇಲ್ಲಿನ ರಕೂನ್‌ಗಳು ಕಳ್ಳತನದಲ್ಲಿ ಧರ್ಮಸ್ಥಳದ ಕೋತಿಗಳಿಗೆ ಕಡಿಮೆಯಿಲ್ಲ.

7. ದಿಮ್ಮಿಗಳಿಂದ ದೂರವಿರಿ

ಬೀಚ್ ಉದ್ದಕ್ಕೂ ಬಿದ್ದಿರುವ ದೈತ್ಯ ಮರದ ದಿಮ್ಮಿಗಳು ಫೋಟೊಗೆ ಚೆಂದ. ಅವು ಕಾಡಿನಿಂದ ಹೊಳೆಗೆ ಬಿದ್ದು, ಸಮುದ್ರ ಸೇರಿ, ಬಿರುಗಾಳಿಯಲ್ಲಿ ದಡಕ್ಕೆ ಬಂದವು. ಟನ್‌ಗಟ್ಟಲೆ ತೂಗುವ ಈ ದಿಮ್ಮಿಯನ್ನು ಮೊಣಕಾಲುದ್ದದ ನೀರು ಎತ್ತಿ ಉರುಳಿಸಬಲ್ಲದು. ಜನ ಸತ್ತಿದ್ದಾರೆ. ಉಬ್ಬರ ಏರುವಾಗ, ಅಲೆ ಜೋರಿದ್ದಾಗ ದಿಮ್ಮಿಯ ಮೇಲೆ ಹತ್ತಬೇಡಿ, ಮಕ್ಕಳನ್ನು ಬಿಡಬೇಡಿ.

ಸಮುದ್ರಕ್ಕೆ ಬೆನ್ನು ಹಾಕಬೇಡಿ. ಈಜುವ ಯೋಚನೆಯೂ ಬೇಡ: ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್, ಸೆಳೆತ ಬಲು ಜೋರು. ಇನ್ನೊಂದು ಮಾತು. ಈ ಕರಾವಳಿಯ ಎದುರಿಗೆ, ಸಮುದ್ರದ ತಳದಲ್ಲಿ, ಕ್ಯಾಸ್ಕೇಡಿಯಾ ಎಂಬ ಭೂಕಂಪ ವಲಯವಿದೆ. 1700ರ ಜನವರಿ 26ರಂದು ಅಲ್ಲಿ ಸುಮಾರು 9ರ ತೀವ್ರತೆಯ ಕಂಪನವಾಗಿ, ಎದ್ದ ಸುನಾಮಿ ಜಪಾನ್‌ವರೆಗೂ ಹೋಯಿತು; ತಾರೀಖು ಖಚಿತವಾಗಿದ್ದೇ ಜಪಾನಿನ ಹಳೆಯ ದಾಖಲೆಗಳಿಂದ. ಬೀಚ್‌ನಲ್ಲಿರುವಾಗ ನೆಲ ನಡುಗಿದರೆ ಸೈರನ್‌ಗೆ ಕಾಯದೆ ಎತ್ತರಕ್ಕೆ ಓಡಿ. ದಾರಿ ಯಾವುದೆಂದು ಮೊದಲ ದಿನವೇ ನೋಡಿಡಿ. ಎರಡು ನಿಮಿಷದ ಕೆಲಸ.

8. ಎಂಟು ಗಂಟೆಯೊಳಗೆ ಹೋಹ್ ಗೇಟ್‌ನಲ್ಲಿರಿ

ಕ್ಲೇಲಾಕ್‌ನಲ್ಲಿ ತಂಗಿದ ದೊಡ್ಡ ಲಾಭ ಇದೇ. ಹೋಹ್ ಮಳೆಕಾಡು ಒಂದು ಗಂಟೆಯ ದಾರಿ. ಬೇಸಿಗೆಯಲ್ಲಿ ಪಾರ್ಕಿಂಗ್ ತುಂಬಿದರೆ ಗೇಟ್‌ನಲ್ಲೇ ಕಾರುಗಳನ್ನು ತಡೆಯುತ್ತಾರೆ; ಸಿಯಾಟಲ್‌ನಿಂದ ಬೆಳಿಗ್ಗೆ ಹೊರಟವರು ಆ ಕ್ಯೂನಲ್ಲಿ ಕಾಯುವ ಹೊತ್ತಿಗೆ ನೀವು ನೋಡಿ ಮುಗಿಸಿ ಹೊರಗೆ ಬರುತ್ತಿರಬೇಕು. ‘ಹಾಲ್ ಆಫ್ ಮಾಸಸ್’ ಟ್ರೇಲ್ ಒಂದು ಸುತ್ತಿಗೆ ಸುಮಾರು 1.3 ಕಿ.ಮೀ. ಮಾತ್ರ, ಅಪ್ಪ-ಅಮ್ಮನೂ ನಡೆಯಬಹುದು. ಕೊಂಬೆಕೊಂಬೆಗೂ ಪಾಚಿ ಜೋತಾಡುವ ಮೇಪಲ್ ಮರಗಳು ಅಲ್ಲಿವೆ.

ಎಲ್ಕ್ ಕಂಡರೆ ಕನಿಷ್ಠ 45 ಮೀಟರ್ ದೂರ ನಿಲ್ಲಿ, ಅದು ಪಾರ್ಕ್ ನಿಯಮ. ಈ ಪಾರ್ಕ್ ಇರುವುದೇ ಆ ಪ್ರಾಣಿಯ ದೆಸೆಯಿಂದ: ಬೇಟೆಗೆ ಸಿಕ್ಕಿ ಅಳಿಯುತ್ತಿದ್ದ ಎಲ್ಕ್‌ಗಳನ್ನು ಉಳಿಸಲು 1909ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಈ ಬೆಟ್ಟಗಳನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಈ ಎಲ್ಕ್ ತಳಿಗೆ ಅವರದೇ ಹೆಸರು.

9. ನಡೆದು ಹೋಗುವಷ್ಟು ದೂರದಲ್ಲಿರುವುದನ್ನು ಮರೆಯಬೇಡಿ

ಲಾಡ್ಜ್‌ನ ಪಕ್ಕದಲ್ಲೇ, ಕ್ಯಾಂಪ್‌ಗ್ರೌಂಡ್ ಹತ್ತಿರ ಒಂದು ಸಿಟ್ಕಾ ಸ್ಪ್ರೂಸ್ ಮರವಿದೆ. ಕೆಳಗಿನ ಮಣ್ಣನ್ನು ಸಣ್ಣ ತೊರೆಯೊಂದು ಕೊರೆದುಬಿಟ್ಟಿದೆ. ಬೇರುಗಳು ಎರಡೂ ಕಡೆಯ ದಂಡೆ ಹಿಡಿದು ನಡುವೆ ಗಾಳಿಯಲ್ಲಿ ತೂಗುತ್ತಿವೆ. ‘ಟ್ರೀ ಆಫ್ ಲೈಫ್’ ಎಂದು ಹೆಸರಾಗಿದೆ. ಇದನ್ನು ನೋಡಿ ಛಲದ ಬಗ್ಗೆ ಸ್ಟೇಟಸ್ ಹಾಕುವ ಆಸೆ ಬರುತ್ತದೆ. ತಡೆದುಕೊಳ್ಳಿ, ಸಾವಿರಾರು ಜನ ಹಾಕಿಯಾಗಿದೆ. ದಂಡೆ ವರ್ಷವರ್ಷ ಕುಸಿಯುತ್ತಿರುವುದರಿಂದ ಬೇರಿನ ಕೆಳಗೆ ಮಾತ್ರ ನಿಲ್ಲಬೇಡಿ.

ಕಾರಿನಲ್ಲಿ ಉತ್ತರಕ್ಕೆ ಹದಿಮೂರು ಕಿ.ಮೀ. ಹೋದರೆ ರೂಬಿ ಬೀಚ್. ಮರಳಿನಲ್ಲಿ ಕೆಂಪು ಗಾರ್ನೆಟ್ ಹರಳಿನ ಕಣಗಳಿವೆ. ಬೈನಾಕ್ಯುಲರ್ ಒಯ್ಯಿರಿ. ಕಡಲಲ್ಲಿ ಚಪ್ಪಟೆಯಾಗಿ ಕಾಣುವುದು ಡಿಸ್ಟ್ರಕ್ಷನ್ ಐಲ್ಯಾಂಡ್, ಅದರ ಮೇಲಿನ ದೀಪಸ್ತಂಭ 2008ರಲ್ಲಿ ಆರಿತು. ಅಲೆಗಳ ಮೇಲೆ ಬೆನ್ನಡಿಯಾಗಿ ತೇಲುವ ಪ್ರಾಣಿ ಕಂಡರೆ ಸಮುದ್ರದ ನೀರುನಾಯಿ ಇರಬಹುದು. ತುಪ್ಪಳದ ಆಸೆಗೆ ಇಲ್ಲಿ ಅದನ್ನು ಪೂರ್ತಿ ಬೇಟೆಯಾಡಿ ಮುಗಿಸಿದ್ದರು; 1969-70ರಲ್ಲಿ ಅಲಾಸ್ಕದಿಂದ 59 ನೀರುನಾಯಿಗಳನ್ನು ತಂದು ಬಿಟ್ಟರು, ಈಗಿರುವುದು ಅವುಗಳ ಸಂತತಿ. ದಕ್ಷಿಣದ ಕಡೆ ಮಾತ್ರ ಜೋಪಾನ: ಅಲ್ಲಿ ಕ್ವಿನಾಲ್ಟ್ ಜನರ ನೆಲ ಶುರುವಾಗುತ್ತದೆ, ಅವರ ಬೀಚ್‌ಗಳಿಗೆ ಅನುಮತಿಯಿಲ್ಲದೆ ಕಾಲಿಡಬೇಡಿ.

10. ಎರಡನೆಯ ಮಧ್ಯಾಹ್ನ ಖಾಲಿ ಬಿಡಿ

ಪ್ಲಾನ್‌ನಲ್ಲಿ ಬೇಕೆಂದೇ ಒಂದು ಖಾಲಿ ಜಾಗ ಇಡಿ. ಪುಸ್ತಕ, ಕೇರಂ, ನಿದ್ದೆ, ಏನಾದರೂ ಸರಿ. ‘ಟೈಮ್ ವೇಸ್ಟ್ ಆಗ್ತಿದೆ’ ಎಂಬ ತಳಮಳ ಮೊದಲ ಒಂದು ಗಂಟೆ ಇರುತ್ತದೆ, ಆಮೇಲೆ ಹೋಗುತ್ತದೆ.

11. ವಾಪಸ್ ದಾರಿಯನ್ನೂ ಪ್ಲಾನ್ ಮಾಡಿ

ಬಂದ ದಾರಿಯಲ್ಲೇ ಹೋಗಬೇಕೆಂದಿಲ್ಲ. ಹೈವೇ 101 ಇಡೀ ಪಾರ್ಕ್‌ಗೆ ಸುತ್ತು ಹಾಕುತ್ತದೆ. ಉತ್ತರಕ್ಕೆ ಫೋರ್ಕ್ಸ್, ಲೇಕ್ ಕ್ರೆಸೆಂಟ್, ಪೋರ್ಟ್ ಏಂಜಲಸ್ ಮೂಲಕ ಹೋಗಿ ಬೈನ್‌ಬ್ರಿಜ್‌ನಲ್ಲಿ ಫೆರ್ರಿ ಹತ್ತಿದರೆ ನೇರ ಸಿಯಾಟಲ್ ಡೌನ್‌ಟೌನ್. ಇಡೀ ದಿನ ಕೈಯಲ್ಲಿದ್ದರೆ ಮಾತ್ರ ಹೀಗೆ ಮಾಡಿ. ಸಂಜೆಯೊಳಗೆ ಮನೆ ಸೇರಬೇಕಾದವರು ದಕ್ಷಿಣದ ದಾರಿ ಹಿಡಿದು ಲೇಕ್ ಕ್ವಿನಾಲ್ಟ್‌ನಲ್ಲಿ ಊಟಕ್ಕೆ ನಿಲ್ಲಿ. 1926ರಲ್ಲಿ ಕಟ್ಟಿದ ಅಲ್ಲಿನ ಲಾಡ್ಜ್‌ನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1937ರ ಅಕ್ಟೋಬರ್‌ನಲ್ಲಿ ಊಟ ಮಾಡಿದ್ದರು. ಮರುವರ್ಷ ಜೂನ್‌ನಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕ್ ಕಾಯ್ದೆಗೆ ಸಹಿ ಹಾಕಿದರು. ಕ್ಲೇಲಾಕ್‌ನ ಕರಾವಳಿ ಪಟ್ಟಿ ಪಾರ್ಕ್‌ಗೆ ಸೇರಿದ್ದು ಇನ್ನೂ ತಡವಾಗಿ, 1953ರಲ್ಲಿ. ಯಾವ ದಾರಿ ಹಿಡಿದರೂ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಚಳಿಗಾಲದಲ್ಲಾದರೆ ಹೊರಡುವ ಮುನ್ನ ಲಾಡ್ಜ್ ಕೌಂಟರ್‌ನಲ್ಲಿ ‘101 ಓಪನ್ ಇದೆಯಾ’ ಎಂದು ಕೇಳಿ. ಬಿರುಗಾಳಿಗೆ ಮರ ಬಿದ್ದು ರಸ್ತೆ ಬಂದ್ ಆಗಿದ್ದರೆ ಅವರಿಗೆ ಮೊದಲು ಗೊತ್ತಿರುತ್ತದೆ.